ಕ್ರೂಸ್ ಹಡಗಿಗೆ ನೀರು, ಕಾಫಿ, ವೈನ್: ಯಾವುದನ್ನು ಮನೆಯಿಂದ ಒಯ್ಯಬೇಕು, ಯಾವುದನ್ನು ಅಲ್ಲೇ ಕೊಳ್ಳಬೇಕು?

ನಮ್ಮಮ್ಮನಿಗೆ ಬೆಳಗ್ಗೆ ಐದೂವರೆಗೆ ಕಾಫಿ ಬೇಕು. ಹಾಸನದ ಮನೆಯಲ್ಲಿ ರಾತ್ರಿ ಮಲಗುವ ಮುಂಚೆಯೇ ಫಿಲ್ಟರಿಗೆ ಪುಡಿ ಹಾಕಿ ಇಟ್ಟಿರುತ್ತಾರೆ. ಅವರು ಹ್ಯೂಸ್ಟನ್ನಿಗೆ ನಮ್ಮ ಮನೆಗೆ ಬಂದ ವರ್ಷ ಗ್ಯಾಲ್ವೆಸ್ಟನ್ ಬಂದರಿನಿಂದ ಐದು ರಾತ್ರಿಯ ಕ್ರೂಸ್ ಬುಕ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಕಾಫಿಗೆ ಏನು ಮಾಡೋದು?" ನಾನು "ಎಲ್ಲಾ ಸಿಗುತ್ತೆ ಬಿಡಮ್ಮ" ಅಂದೆ. ನಿಯಮ ಓದಲಿಲ್ಲ.

ಟರ್ಮಿನಲ್ಲಿನಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುವವರು ಅಮ್ಮನ ಬ್ಯಾಗಿನಿಂದ ನೀರು ಕಾಯಿಸುವ ಕಾಯಿಲ್ ತೆಗೆದು ಪಕ್ಕಕ್ಕಿಟ್ಟರು. ನಾವು ಹೊತ್ತು ತಂದಿದ್ದ 24 ನೀರಿನ ಬಾಟಲಿಗಳ ಕೇಸೂ ಅಲ್ಲೇ ಉಳಿಯಿತು. ಅಪ್ಪನಿಗೆ ಗೆಳೆಯರು ಕೊಟ್ಟಿದ್ದ ವೈನ್ ಬಾಟಲಿಯನ್ನು ನಾನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದ್ದೆ. ಪಾನೀಯ ಕೈಚೀಲದಲ್ಲೇ ಇರಬೇಕಂತೆ, ಅದಕ್ಕೇ ಆ ಸೂಟ್‌ಕೇಸನ್ನು ತಡೆದರು. ರಾತ್ರಿ ಎಂಟರವರೆಗೂ ಅದು ರೂಮಿಗೆ ಬರಲಿಲ್ಲ. ಅಮ್ಮನ ಬಿಪಿ ಮಾತ್ರೆ ಅದರೊಳಗಿತ್ತು. ಆ ನಾಲ್ಕೈದು ಗಂಟೆ ನಾನು ಪಟ್ಟ ಆತಂಕ ಇನ್ನೂ ಮರೆತಿಲ್ಲ.

ಅಂದಿನಿಂದ ಕ್ರೂಸ್ ಆರಿಸುವಾಗ ರೂಮಿನ ಬಾಡಿಗೆಯ ಜೊತೆಗೇ ಕುಡಿಯುವುದರ ನಿಯಮವನ್ನೂ ಹೋಲಿಸಿ ನೋಡುತ್ತೇನೆ. ಈ ವಿಷಯದ ಮಾಹಿತಿ ಎಲ್ಲಿ ಹುಡುಕಿದರೂ ಮದ್ಯದ ಸುತ್ತಲೇ ತಿರುಗುತ್ತದೆ. ನಮ್ಮ ಮನೆಗಳಲ್ಲಿ ಜಾಸ್ತಿ ಕುಡಿಯುವುದು ನೀರು, ಕಾಫಿ, ಟೀ, ಹಾಲು, ಮಜ್ಜಿಗೆ. ವೈನೋ ಬಿಯರೋ ಒಬ್ಬಿಬ್ಬರಿಗೆ, ಅದೂ ಸಂಜೆಗೆ. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರು ದಿನಕ್ಕೆ ಏನೇನು ಕುಡಿಯುತ್ತಾರೆ ಎಂದು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಡಗನ್ನು ಆಮೇಲೆ ಆರಿಸಿ.

ನೀರು ಹೊತ್ತುಕೊಂಡು ಹೋಗಬೇಕಾ?

ನನ್ನನ್ನು ಕೇಳಿದರೆ ಬೇಡ. ಹಿರಿಯರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ಹಡಗುಗಳು ಕುಡಿಯುವ ನೀರನ್ನು ಬಹುಪಾಲು ತಾವೇ ತಯಾರಿಸಿಕೊಳ್ಳುತ್ತವೆ. ಎಂಜಿನ್ನಿನ ಬಿಸಿ ಬಳಸಿ ಸಮುದ್ರದ ನೀರನ್ನು ಆವಿ ಮಾಡಿ ತಣಿಸುವುದು ಒಂದು ದಾರಿ. ನಮ್ಮ ಅಡುಗೆಮನೆಯ ಆರ್‌ಓ ಫಿಲ್ಟರಿನ ಹಾಗೆ ಒತ್ತಡ ಹಾಕಿ ಪೊರೆಯ ಮೂಲಕ ಸೋಸುವುದು ಇನ್ನೊಂದು. ಬಂದರಿನಲ್ಲಿ ನಿಂತಾಗ ತುಂಬಿಸಿಕೊಳ್ಳುವುದೂ ಉಂಟು. ಯಾವುದೇ ಆದರೂ ಕ್ಲೋರಿನ್ ಹಾಕಿಯೇ ನಲ್ಲಿಗೆ ಬಿಡುತ್ತಾರೆ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಮುನ್ಸೂಚನೆ ಕೊಡದೆ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ನೀರಿನ ವ್ಯವಸ್ಥೆಯೂ ಆ ತಪಾಸಣೆಯಲ್ಲಿ ಸೇರಿದೆ, ಫಲಿತಾಂಶ ಯಾರು ಬೇಕಾದರೂ ನೋಡಬಹುದು. ನೀವು ಹತ್ತುವ ಹಡಗಿನ ಅಂಕವನ್ನು ಅಪ್ಪ ಅಮ್ಮನಿಗೆ ತೋರಿಸಿ. ನಮ್ಮಪ್ಪ ಅದನ್ನು ನೋಡಿದ ಮೇಲೇ ನಲ್ಲಿ ನೀರು ಮುಟ್ಟಿದ್ದು.

ರುಚಿ ಮಾತ್ರ ನಮ್ಮ ಊರಿನ ನೀರಿನ ಹಾಗಿರುವುದಿಲ್ಲ. ಕ್ಲೋರಿನ್ ವಾಸನೆ ಹಿಡಿಸದಿದ್ದರೆ ಬಾಟಲಿಗೆ ತುಂಬಿ, ಮುಚ್ಚಳ ತೆಗೆದು ಒಂದೆರಡು ಗಂಟೆ ಇಡಿ, ಅಥವಾ ಐಸ್ ಹಾಕಿ. ಮನೆಯಿಂದ ಖಾಲಿ ಸ್ಟೀಲ್ ಬಾಟಲಿ ಒಯ್ಯಿರಿ. ಖಾಲಿ ಬಾಟಲಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಬಫೆಯ ನಲ್ಲಿಗೆ ಬಾಟಲಿಯ ಬಾಯಿ ತಾಗಿಸಿ ಹಿಡಿಯಬೇಡಿ. ಹೊಟ್ಟೆ ಕೆಡಿಸುವ ನೊರೊವೈರಸ್ ಹಡಗಿನಲ್ಲಿ ಬೇಗ ಹರಡುತ್ತದೆ. ಹಾಗಾಗಿ ಲೋಟದಲ್ಲಿ ಹಿಡಿದು ಬಾಟಲಿಗೆ ಸುರಿದುಕೊಳ್ಳಿ ಎನ್ನುತ್ತಾರೆ. ನಾವು ಎತ್ತಿ ಕುಡಿಯುವ ಅಭ್ಯಾಸದವರು, ಈ ಮಾತು ನಮಗೆ ಬೇಗ ಅರ್ಥವಾಗುತ್ತದೆ ಅಲ್ವಾ.

ನೀರಿನ ಜೊತೆಗೆ ಸಾಮಾನ್ಯ ಕಾಫಿ, ಟೀ, ಬಿಸಿನೀರು, ಐಸ್, ಹಾಲು, ನಿಂಬೆ ಪಾನಕದಂಥದ್ದು, ಬೆಳಗಿನ ತಿಂಡಿಯ ಹೊತ್ತಿಗೆ ಜ್ಯೂಸ್, ಇವು ಹೆಚ್ಚಿನ ಹಡಗುಗಳಲ್ಲಿ ಟಿಕೆಟಿನಲ್ಲೇ ಸೇರಿರುತ್ತವೆ. ಬಾಟಲಿ ನೀರು, ಕೋಕ್, ಎಸ್ಪ್ರೆಸೊ, ಕ್ಯಾಪುಚಿನೊ, ಮದ್ಯಕ್ಕೆ ದುಡ್ಡು ಬೇರೆ. ಸಕ್ಕರೆ ಕಾಯಿಲೆ ಇರುವವರು ಗಮನಿಸಿ, ಉಚಿತವಾಗಿ ಸಿಗುವ ಆ ಪಾನಕ, ಜ್ಯೂಸುಗಳಲ್ಲಿ ಸಕ್ಕರೆ ಜಾಸ್ತಿ.

ಯಾವ ಕಂಪನಿ ಏನನ್ನು ಬಿಡುತ್ತದೆ

ಅಮೆರಿಕದಲ್ಲಿರುವ ಕನ್ನಡಿಗರು ಜಾಸ್ತಿ ಹೋಗುವುದು ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೀಜಿಯನ್, ಡಿಸ್ನಿ, ಈ ನಾಲ್ಕರಲ್ಲಿ. ನಾಲ್ಕರ ನಿಯಮವೂ ಬೇರೆ ಬೇರೆ. ಒಂದರಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ.

ಡಿಸ್ನಿ ಈ ವಿಷಯದಲ್ಲಿ ಎಲ್ಲರಿಗಿಂತ ಉದಾರಿ. 21 ದಾಟಿದ ಪ್ರತಿಯೊಬ್ಬರೂ ಹತ್ತುವ ದಿನ 750 ಮಿ.ಲೀ.ಯ ಎರಡು ವೈನ್ ಬಾಟಲಿ ಅಥವಾ ಆರು ಬಿಯರ್ ಒಯ್ಯಬಹುದು. ದಾರಿಯಲ್ಲಿ ಪ್ರತಿ ಬಂದರಿನಲ್ಲೂ ಅಷ್ಟನ್ನೇ ಮತ್ತೆ ತರಬಹುದು. ಊಟದ ಜೊತೆಗೆ ಮತ್ತು ಡೆಕ್ಕಿನ ಯಂತ್ರಗಳಲ್ಲಿ ತಂಪು ಪಾನೀಯ ಉಚಿತ. ಕೋಕ್ ಕೇಳುವ ಮಕ್ಕಳು ಇಬ್ಬರಿದ್ದರೆ ಈ ಒಂದರಿಂದಲೇ ದಿನಕ್ಕೆ ಒಂದಿಷ್ಟು ಡಾಲರ್ ಉಳಿಯುತ್ತದೆ. ಆದರೆ ಡಿಸ್ನಿಯ ಟಿಕೆಟ್ಟೇ ದುಬಾರಿ. ಕುಡಿಯುವುದರಲ್ಲಿ ಉಳಿದದ್ದು ಟಿಕೆಟಿನಲ್ಲಿ ಹೋಗುತ್ತದೆಯೋ ಇಲ್ಲವೋ, ಕೂಡಿಸಿ ನೋಡಬೇಕು.

ಕಾರ್ನಿವಲ್ ನಡುದಾರಿ. 21 ದಾಟಿದವರಿಗೆ ತಲಾ ಒಂದು 750 ಮಿ.ಲೀ. ವೈನ್ ಅಥವಾ ಶಾಂಪೇನ್. ಮದ್ಯವಲ್ಲದ ಪಾನೀಯ ತಲಾ 12, ಒಂದೊಂದು 12 ಔನ್ಸ್ (ಸುಮಾರು 355 ಮಿ.ಲೀ.) ಮೀರದ ಕ್ಯಾನ್ ಅಥವಾ ರಟ್ಟಿನ ಪ್ಯಾಕೆಟ್. ಇಲ್ಲಿ ಎಡವುವವರು ಬಹಳ ಜನ. ಕ್ಯಾನ್ ಬಿಡುತ್ತಾರೆ, ಬಾಟಲಿ ಬಿಡುವುದಿಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ ಸೀಲ್ ಆಗಿದ್ದರೂ ಇಲ್ಲ. ಕೆಲವರು ನೀರಿನ, ಸೋಡಾದ ಬಾಟಲಿಗಳಲ್ಲಿ ವೋಡ್ಕಾ ತುಂಬಿ ಮತ್ತೆ ಸೀಲ್ ಮಾಡಿ ಸಾಗಿಸುತ್ತಿದ್ದರು. ಒಂದೊಂದನ್ನೂ ನೋಡುತ್ತಾ ಕೂತರೆ ಹತ್ತುವ ಸಾಲು ನಿಂತುಬಿಡುತ್ತಿತ್ತು. ಹಾಗಾಗಿ 2015ರಲ್ಲಿ ಬಾಟಲಿಗಳನ್ನೇ ನಿಲ್ಲಿಸಿದರು. ಟೆಟ್ರಾ ಪ್ಯಾಕಿನ ಮಜ್ಜಿಗೆ, ಹಾಲು, ಎಳನೀರು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುತ್ತವಲ್ಲ, ಅವು ಇಲ್ಲಿಗೆ ಸರಿಯಾಗಿ ಹೊಂದುತ್ತವೆ. ಅಳತೆ ಮಾತ್ರ ನೋಡಿಕೊಳ್ಳಿ, ಒಂದು ಲೀಟರಿನ ಪ್ಯಾಕ್ ಆಗುವುದಿಲ್ಲ.

ರಾಯಲ್ ಕೆರಿಬಿಯನ್ನಿನಲ್ಲೂ ಕುಡಿಯುವ ವಯಸ್ಸಿನವರಿಗೆ ತಲಾ ಒಂದು ವೈನ್ ಬಾಟಲಿ. ರೂಮಿನಲ್ಲೇ ಕುಡಿದರೆ ಅದಕ್ಕೆ ಏನೂ ಕೊಡಬೇಕಿಲ್ಲ. ಊಟದ ಕೋಣೆಗೆ ಒಯ್ದರೆ ಕಾರ್ಕೇಜ್, ಅಂದರೆ ನಿಮ್ಮ ಬಾಟಲಿ ತೆರೆದು ಬಡಿಸುವ ಕೂಲಿ, ಕೊಡಬೇಕು. ಮದ್ಯವಲ್ಲದ ಪಾನೀಯಕ್ಕೂ 12ರ ಮಿತಿ ಇದೆ, ಆದರೆ ಕಾರ್ನಿವಲ್ಲಿನ ಹಾಗಲ್ಲ, ಸಣ್ಣ ಬಾಟಲಿಯನ್ನೂ ಬಿಡುತ್ತಾರೆ. ಬಾಟಲಿ ನೀರೇ ಬೇಕು ಎಂದು ಹಟ ಹಿಡಿಯುವ ಹಿರಿಯರಿದ್ದರೆ ಕಾರ್ನಿವಲ್ಲಿಗಿಂತ ಇದು ಮೇಲು. ಲೆಕ್ಕ ತಲೆಗೋ ರೂಮಿಗೋ ಎಂದು ಹೊರಡುವ ವಾರ ಟಿಕೆಟಿನ ನಿಯಮದಲ್ಲಿ ಮತ್ತೊಮ್ಮೆ ಓದಿ. ಇಂಥ ಸಾಲುಗಳನ್ನು ಕಂಪನಿಗಳು ಆಗಾಗ ತಿದ್ದುತ್ತಿರುತ್ತವೆ.

ನಾರ್ವೀಜಿಯನ್ ತಿರುಗುಮುರುಗು. ವೈನ್ ಎಷ್ಟು ಬೇಕಾದರೂ ತನ್ನಿ ಎನ್ನುತ್ತಾರೆ, ಆದರೆ 750 ಮಿ.ಲೀ. ಬಾಟಲಿಗೆ 15 ಡಾಲರ್, ಒಂದೂವರೆ ಲೀಟರಿನದಕ್ಕೆ 30 ಡಾಲರ್ ಕಾರ್ಕೇಜ್ ತೆಗೆದುಕೊಳ್ಳುತ್ತಾರೆ. ನೀರು, ಸೋಡಾ, ಜ್ಯೂಸ್ ಮಾತ್ರ ತರುವ ಹಾಗೇ ಇಲ್ಲ. ಮಗುವಿನ ಹಾಲಿನ ಪುಡಿ ಕಲಸಲು, ನಿದ್ದೆಯಲ್ಲಿ ಉಸಿರಾಟಕ್ಕೆ ಬಳಸುವ ಸಿಪ್ಯಾಪ್ ಯಂತ್ರಕ್ಕೆ ಬೇಕಾದ ಸೀಲ್ ಮಾಡಿದ ಶುದ್ಧ ನೀರಿಗೆ ಮಾತ್ರ ವಿನಾಯಿತಿ. ಮದ್ಯ ಮುಟ್ಟದ ಕುಟುಂಬಕ್ಕೆ, ತಮ್ಮದೇ ಪಾನೀಯ ಒಯ್ಯಬೇಕು ಎನ್ನುವುದೇ ಮುಖ್ಯವಾಗಿದ್ದರೆ, ಇದು ಸರಿಹೊಂದುವುದಿಲ್ಲ. ಒಳ್ಳೆಯ ವೈನ್ ಸಂಗ್ರಹ ಇರುವವರಿಗೆ ಚೆನ್ನಾಗಿ ಹೊಂದುತ್ತದೆ.

ಈ ನಾಲ್ಕರ ಹೊರಗಿನ ವೈಕಿಂಗ್ ಕಂಪನಿ ಬೇರೆಯೇ ಥರ. ಅಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ. ಮಧ್ಯಾಹ್ನ ಮತ್ತು ರಾತ್ರಿ ಊಟಕ್ಕೆ ಬಿಯರ್, ವೈನ್ ಟಿಕೆಟಿನಲ್ಲೇ ಬಂತು. ನಿಮ್ಮ ಬಾಟಲಿ ನೀವೇ ತಂದರೂ ಕಾರ್ಕೇಜ್ ಇಲ್ಲ. ನಿವೃತ್ತರಾದ ದಂಪತಿಗೆ ಹಿಡಿಸಬಹುದು. ಬೆಲೆ ಮೇಲ್ದರ್ಜೆಯದು.

ಮುಂಬೈ, ಕೊಚ್ಚಿ, ಚೆನ್ನೈ ಕಡೆಯಿಂದ ಹೊರಡುವ ಕಾರ್ಡೀಲಿಯಾ ಕಂಪನಿಯ ಕ್ರೂಸ್ 2021ರಲ್ಲಿ ಶುರುವಾಯಿತು. ಅದರ ಎಂಪ್ರೆಸ್ ಹಡಗು 1990ರದು, ಮೊದಲು ರಾಯಲ್ ಕೆರಿಬಿಯನ್ನಿನದಾಗಿತ್ತು. ಇಲ್ಲಿ ಹೊರಗಿನ ಮದ್ಯ ಬಿಡುವುದಿಲ್ಲ, ಬೇಕಾದವರು ಹಡಗಿನಲ್ಲೇ ಕೊಳ್ಳಬೇಕು. ಲಕ್ಷದ್ವೀಪದ ಪ್ರವಾಸ ಆರಿಸಿದವರಿಗೆ ಇನ್ನೊಂದು ಮಾತು. ಅಲ್ಲಿ ಬಂಗಾರಂ ದ್ವೀಪ ಬಿಟ್ಟರೆ ಪಾನನಿಷೇಧ ಇದೆ. ಹಡಗಿನಲ್ಲಿ ಕೊಂಡದ್ದನ್ನು ಕೈಯಲ್ಲಿ ಹಿಡಿದು ದ್ವೀಪಕ್ಕೆ ಇಳಿಯಬೇಡಿ.

ಬೆಂಗಳೂರಿನಿಂದ ಸಿಂಗಾಪುರಕ್ಕೆ ಹಾರಿ ಅಲ್ಲಿಂದ ರಾಯಲ್ ಕೆರಿಬಿಯನ್ ಹತ್ತುವವರೂ ಈಗ ಬಹಳ. ಅಲ್ಲಿ ಕುಡಿಯುವ ವಯಸ್ಸು 18, ಅಮೆರಿಕದಿಂದ ಹೊರಟರೆ 21. ವಿಮಾನದ ಕೈಚೀಲದಲ್ಲಿ 100 ಮಿ.ಲೀ. ಮೀರಿದ ದ್ರವ ಹೋಗುವುದಿಲ್ಲ. ಮನೆಯಿಂದ ಒಯ್ಯುವ ವೈನ್ ಬಾಟಲಿಯನ್ನು ವಿಮಾನಕ್ಕೆ ಚೆಕ್‌ಇನ್ ಲಗೇಜಿನಲ್ಲಿ ಹಾಕಿ, ಹಡಗು ಹತ್ತುವ ಮುಂಚೆ ಕೈಚೀಲಕ್ಕೆ ಬದಲಾಯಿಸಬೇಕು. ಈ ಅದಲುಬದಲು ಮರೆತವರ ಸೂಟ್‌ಕೇಸೇ ನಮ್ಮದರ ಹಾಗೆ ನಿಲ್ಲುವುದು.

ಬೆಳಗಿನ ಕಾಫಿ

ಹಡಗಿನ ಉಚಿತ ಕಾಫಿ ದೊಡ್ಡ ಯಂತ್ರದಿಂದ ಬರುವ ತೆಳು ಕಾಫಿ. ಡಿಕಾಕ್ಷನ್ ಕುಡಿದು ಬೆಳೆದ ನಾಲಿಗೆಗೆ ಅದು ಹಿಡಿಸುವುದು ಕಷ್ಟ. ಕಾಫಿ ಅಂಗಡಿಯಲ್ಲಿ ದಿನಕ್ಕೆ ಮೂರು ಲಾಟೆ ಕೊಂಡರೆ ಏಳು ದಿನಕ್ಕೆ ಒಬ್ಬರದೇ ನೂರು ಡಾಲರ್ ಮುಟ್ಟಬಹುದು. ನಾವು ಈಗ ಮಾಡುವ ದಾರಿ ಹೇಳುತ್ತೇನೆ.

ಎಲೆಕ್ಟ್ರಿಕ್ ಕೆಟಲ್, ಕಾಯಿಲ್, ಇಂಡಕ್ಷನ್ ಯಾವುದನ್ನೂ ಒಯ್ಯಬೇಡಿ. ಹಡಗಿನಲ್ಲಿ ಬೆಂಕಿ ಎಲ್ಲಕ್ಕಿಂತ ದೊಡ್ಡ ಭಯ, ನಡುಸಮುದ್ರದಲ್ಲಿ ಅಗ್ನಿಶಾಮಕದವರು ಬರುವುದಿಲ್ಲ. ಅಮ್ಮನ ಕಾಯಿಲ್ ಹಿಡಿದಿಟ್ಟಾಗ ನನಗೆ ಸಿಟ್ಟು ಬಂದಿತ್ತು. ಈಗ ಅದು ಸರಿ ಅನ್ನಿಸುತ್ತದೆ. ಅದರ ಬದಲು ನಾಲ್ಕು ವಸ್ತು ಸಾಕು: ಸಣ್ಣ ಸ್ಟೀಲ್ ಫಿಲ್ಟರ್, ಸೀಲ್ ಬಿಚ್ಚದ ಕಾಫಿಪುಡಿ ಪ್ಯಾಕೆಟ್, ಒಳ್ಳೆಯ ಫ್ಲಾಸ್ಕ್, ಎರಡು ಸ್ಟೀಲ್ ಲೋಟ. ಫಿಲ್ಟರಿಗೆ ಕರೆಂಟ್ ಬೇಡ. ಫ್ಲಾಸ್ಕ್ ಮಾತ್ರ ಖಾಲಿ ಇರಬೇಕು, ಒಳಗೆ ಏನಾದರೂ ಇದ್ದರೆ ತಡೆಯುತ್ತಾರೆ.

ರಾತ್ರಿ ಊಟ ಮುಗಿಸಿ ಬರುವಾಗ ಬಫೆಯಲ್ಲಿ ಬಿಸಿನೀರನ್ನು ಕಪ್ಪಿನಲ್ಲಿ ಹಿಡಿದು ಫ್ಲಾಸ್ಕಿಗೆ ಸುರಿದುಕೊಳ್ಳಿ. ಅಲ್ಲಿಯ ನೀರು ನಮ್ಮ ಒಲೆಯ ಮೇಲಿನ ಹಾಗೆ ಕುದಿಯುತ್ತಿರುವುದಿಲ್ಲ, ಹಾಗಾಗಿ ಡಿಕಾಕ್ಷನ್ ಇಳಿಯುವುದು ನಿಧಾನ. ಪುಡಿ ಒಂದು ಚಮಚ ಜಾಸ್ತಿ ಹಾಕಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಬಿಸಿ ಹಾಲು ಬೇಕಲ್ಲ? ಊಟದ ಕೋಣೆಯವರನ್ನು, ಬಫೆಯವರನ್ನು ಕೇಳಿದರೆ ಕಾಯಿಸಿದ ಹಾಲು ಒಂದು ಕಪ್ ಕೊಡುತ್ತಾರೆ. ಅಲ್ಲಿಯ ಕೆಲಸಗಾರರಲ್ಲಿ ಗೋವಾ, ಮಂಗಳೂರು ಕಡೆಯ ಹುಡುಗರು ಎಷ್ಟೋ ಸಲ ಸಿಗುತ್ತಾರೆ. ನಮ್ಮಮ್ಮ ಅವರಲ್ಲೊಬ್ಬನ ಜೊತೆ ತುಳು, ಕನ್ನಡ ಬೆರೆಸಿ ಮಾತಾಡಿ ದಿನಾ ಹಾಲು ತಂದುಕೊಡುವ ಹಾಗೆ ಮಾಡಿಕೊಂಡರು.

ಅಷ್ಟು ಮಾಡಲಾರೆವು ಎನ್ನುವವರಿಗೆ ಇನ್‌ಸ್ಟಂಟ್ ಕಾಫಿ, ಏಲಕ್ಕಿ ಟೀ ಪೊಟ್ಟಣ, ಓಆರ್‌ಎಸ್, ಬಾದಾಮಿ ಹಾಲಿನ ಪುಡಿ ಸಾಕು. ಒಣ ಪುಡಿ ದ್ರವದ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಮಾಡಿದ ಪುನರ್ಪುಳಿ ಶರಬತ್ತು, ನೆಲ್ಲಿಕಾಯಿ ರಸವನ್ನು ಹಳೆ ಬಾಟಲಿಗೆ ತುಂಬಿ ಒಯ್ಯುವ ಆಸೆ ಬಿಡಿ. ಸೀಲ್ ಇಲ್ಲದ ಯಾವ ಬಾಟಲಿಯನ್ನೂ ಅವರು ನಂಬುವುದಿಲ್ಲ.

ಒಯ್ಯುವುದಾ, ಪ್ಯಾಕೇಜಾ, ಒಂದೊಂದಾಗಿ ಕೊಳ್ಳುವುದಾ?

ಲೆಕ್ಕ ಹಾಕಿ ತೋರಿಸುತ್ತೇನೆ. ಬೆಲೆ ಹಡಗಿನಿಂದ ಹಡಗಿಗೆ ಬದಲಾಗುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ಪ್ಯಾಕೇಜ್ ಅಂದರೆ ದಿನಕ್ಕೆ ಇಷ್ಟು ಎಂದು ಒಟ್ಟಿಗೆ ಕಟ್ಟಿ, ಒಂದೊಂದು ಗ್ಲಾಸಿಗೂ ಬೇರೆ ದುಡ್ಡು ಕೊಡದೆ ಕುಡಿಯುವುದು. ಮದ್ಯದ ಪ್ಯಾಕೇಜ್ ದಿನಕ್ಕೆ 80 ಡಾಲರ್ ಎಂದಿಟ್ಟುಕೊಳ್ಳಿ. ಅದರ ಮೇಲೆ ಟಿಪ್ಸ್ ಶೇ. 18. ಅಲ್ಲಿಗೆ ದಿನಕ್ಕೆ 94 ಚಿಲ್ಲರೆ. ಏಳು ದಿನ, ಇಬ್ಬರಿಗೆ ಸುಮಾರು 1,320 ಡಾಲರ್. ಒಂದು ಕಾಕ್‌ಟೇಲಿಗೆ ಟಿಪ್ಸ್ ಸೇರಿ 16 ಡಾಲರ್ ಆಸುಪಾಸು ಎಂದರೆ, ಪ್ಯಾಕೇಜ್ ದುಡ್ಡು ಹುಟ್ಟಬೇಕಾದರೆ ದಿನಕ್ಕೆ ಆರು ಗ್ಲಾಸ್ ಕುಡಿಯಬೇಕು. ಪ್ರತಿ ದಿನ, ಬಂದರಿಗೆ ಇಳಿದು ಊರು ಸುತ್ತುವ ದಿನವೂ ಸೇರಿ. ದುಡ್ಡು ಕೊಟ್ಟಾಯಿತು ಎಂದು ಕುಡಿಯುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಇದನ್ನು ನಾನು ಗೆಳೆಯರಿಗೆ ನೇರವಾಗಿಯೇ ಹೇಳುತ್ತೇನೆ.

ಇನ್ನೊಂದು ತೊಡಕಿದೆ. ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡರಲ್ಲೂ ರೂಮಿನ ಒಬ್ಬ ದೊಡ್ಡವರು ಮದ್ಯದ ಪ್ಯಾಕೇಜ್ ತೆಗೆದುಕೊಂಡರೆ ಅದೇ ರೂಮಿನ ಉಳಿದ ದೊಡ್ಡವರೂ ತೆಗೆದುಕೊಳ್ಳಬೇಕು. ಗಂಡ ಸಂಜೆ ಎರಡು ಬಿಯರ್ ಕುಡಿಯುವವರು, ಹೆಂಡತಿ ಮುಟ್ಟುವುದೇ ಇಲ್ಲ ಎನ್ನುವ ನಮ್ಮ ಎಷ್ಟೋ ಮನೆಗಳಿಗೆ ಇದು ಶುದ್ಧ ನಷ್ಟ. ಅಂಥವರು ವೈನ್ ಬಾಟಲಿ ಒಯ್ದು, ಬಿಯರನ್ನು ಬೇಕಾದಾಗ ಒಂದೊಂದಾಗಿ ಕೊಳ್ಳುವುದು ಮೇಲು. ನಾರ್ವೀಜಿಯನ್ನಿನಲ್ಲಿ ಟಿಕೆಟಿನ ಜೊತೆಗೇ ಪ್ಯಾಕೇಜ್ ಸೇರಿಸಿ ಮಾರುವುದು ಸಾಮಾನ್ಯ. ಉಚಿತ ಎಂದು ಕಂಡರೂ ಅದರ ಟಿಪ್ಸ್ ಬಿಲ್ಲಿನಲ್ಲಿ ಬೇರೆಯಾಗಿ ಕೂತಿರುತ್ತದೆ. ಕುಡಿಯದವರು ಅದನ್ನು ತೆಗೆಸಿ ಬೆಲೆ ಎಷ್ಟು ಇಳಿಯುತ್ತದೆ ಎಂದು ಕೇಳಬೇಕು.

ಮಕ್ಕಳ ಕೋಕಿನ ಲೆಕ್ಕ ಸುಲಭ. 12 ಕ್ಯಾನಿನ ಪೆಟ್ಟಿಗೆ ಊರಿನ ಅಂಗಡಿಯಲ್ಲಿ ಏಳೆಂಟು ಡಾಲರ್. ಅಷ್ಟನ್ನೇ ಹಡಗಿನಲ್ಲಿ ಒಂದೊಂದಾಗಿ ಕೊಂಡರೆ, ಕ್ಯಾನಿಗೆ ನಾಲ್ಕು ಡಾಲರ್ ಹಿಡಿದರೂ 48. ಇಲ್ಲಿ ಒಯ್ಯುವುದೇ ಲಾಭ. ಒಯ್ಯಲು ಬಿಡದ ಹಡಗಿನಲ್ಲಿ ಸೋಡಾ ಪ್ಯಾಕೇಜ್ ನೋಡಿ, ದಿನಕ್ಕೆ ಮೂರ್ನಾಲ್ಕು ಕುಡಿಯುವ ಮಗುವಾದರೆ ಮಾತ್ರ.

ಕಾಫಿ ಅಂಗಡಿಯ ಲಾಟೆ, ಬಾಟಲಿ ನೀರು, ತಾಜಾ ಜ್ಯೂಸ್ ಮೂರೂ ಬೇಕೆನ್ನುವವರಿಗೆ ರಾಯಲ್ ಕೆರಿಬಿಯನ್ನಿನಲ್ಲಿ ಮದ್ಯವಿಲ್ಲದ ರಿಫ್ರೆಶ್‌ಮೆಂಟ್ ಪ್ಯಾಕೇಜ್ ಇದೆ. ಒಬ್ಬರೇ ಹಿರಿಯರಿಗೆ ಅನುಕೂಲ ಬೇಕು, ಫಿಲ್ಟರ್ ಗಿಲ್ಟರ್ ಏನೂ ಬೇಡ ಎಂದರೆ ಅದನ್ನು ಧಾರಾಳವಾಗಿ ತೆಗೆದುಕೊಳ್ಳಿ. ಹಡಗು ಹತ್ತುವ ಮುಂಚೆ ಆನ್‌ಲೈನಿನಲ್ಲಿ ಕೊಂಡರೆ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ.

ಹತ್ತುವ ದಿನ, ಇಳಿಯುವ ದಿನ

ಪಾನೀಯವೆಲ್ಲ ಕೈಚೀಲದಲ್ಲಿ, ಮಾತ್ರೆಯೂ ಕೈಚೀಲದಲ್ಲಿ. ಇದನ್ನು ಎರಡು ಸಲ ಹೇಳಬೇಕೆನ್ನಿಸುತ್ತದೆ. ಮಾತ್ರೆ ಕೈಚೀಲದಲ್ಲೇ ಇರಲಿ. ಶಾಂಪೂ ಬಾಟಲಿಯಲ್ಲಿ ರಮ್ ಬಚ್ಚಿಟ್ಟು ಒಯ್ಯುವ ಉಪಾಯ ಹೇಳುವವರು ಸಿಗುತ್ತಾರೆ, ಕೇಳಬೇಡಿ. ಸಿಕ್ಕಿಬಿದ್ದರೆ ಮಾಲು ಹೋಗುತ್ತದೆ, ಜೊತೆಗಿರುವ ಅಪ್ಪ ಅಮ್ಮನ ಮುಂದೆ ತಲೆ ತಗ್ಗಿಸಬೇಕು. ಮಗುವಿನ ಹಾಲು, ವೈದ್ಯರು ಹೇಳಿದ ಪಾನೀಯ, ಸಿಪ್ಯಾಪ್ ನೀರು ಬೇಕಾದವರು ಕೆಲವು ವಾರ ಮುಂಚೆಯೇ ಕಂಪನಿಗೆ ಬರೆದು, ಬಂದ ಉತ್ತರವನ್ನು ಪ್ರಿಂಟ್ ಮಾಡಿ ಕೈಯಲ್ಲಿಟ್ಟುಕೊಳ್ಳಿ. ಎಷ್ಟೋ ಸಲ ಹಡಗಿನವರೇ ಆ ನೀರನ್ನು ರೂಮಿನಲ್ಲಿ ಇಟ್ಟಿರುತ್ತಾರೆ.

ಮೆಕ್ಸಿಕೋದ ಕೋಜುಮೆಲ್‌ನಲ್ಲಿ ಕೊಂಡ ಟಕಿಲಾ, ಜಮೈಕಾದ ರಮ್, ಹಡಗಿನ ಅಂಗಡಿಯ ವಿಸ್ಕಿ, ಇವನ್ನು ಸಾಮಾನ್ಯವಾಗಿ ಅವರೇ ಇಟ್ಟುಕೊಂಡು ಪ್ರವಾಸದ ಕೊನೆಗೆ ಕೊಡುತ್ತಾರೆ. ಚೀಟಿ ಜೋಪಾನ. ಅಮೆರಿಕಕ್ಕೆ ಮರಳುವಾಗ 21 ದಾಟಿದವರಿಗೆ ಸಾಮಾನ್ಯವಾಗಿ ಒಂದು ಲೀಟರಿಗೆ ಸುಂಕವಿಲ್ಲ. ಭಾರತಕ್ಕೆ ಮರಳುವವರಿಗೆ ಎರಡು ಲೀಟರ್. ಗ್ಯಾಲ್ವೆಸ್ಟನ್ನಿನಲ್ಲಿ ಇಳಿಯುವವರಿಗೆ ಇನ್ನೊಂದು ಮೇಜು ಕಾದಿರುತ್ತದೆ. ಟೆಕ್ಸಸ್ ರಾಜ್ಯದವರು ಅಲ್ಲೇ ಕೂತು ಹೊರಗಿನಿಂದ ತಂದ ಮದ್ಯಕ್ಕೆ ತಮ್ಮ ತೆರಿಗೆ ವಸೂಲು ಮಾಡುತ್ತಾರೆ. ಮೊತ್ತ ಸಣ್ಣದು, ಆದರೆ ಸಾಲು ಉದ್ದ. ಇಳಿಯುವ ದಿನ ವಿಮಾನ ಹಿಡಿಯಬೇಕಾದವರು ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.